ನಾಲ್ಕನೆಯ ಕೈ

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತ, "ಸ್ವಲ್ಪ ಗದ್ದ ಎತ್ತಣ್ಣಾ" ಎಂದುಬಿಟ್ಟ ಕ್ಷೌರಿಕ. ಹೇಳಿದ ಮೇಲೆ ನೆನಪಾಯಿತು. ಯಾರಾದರೂ ಕೇಳಿಸಿಕೊಂಡರೇನೋ ಎಂದು ಪರದೆಯ ಕಡೆ ಒಮ್ಮೆ ನೋಡಿ, ತಾನೇ ಎರಡು ಬೆರಳಿಟ್ಟು ಸತ್ತವರ ಗದ್ದವನ್ನು ಮೇಲಕ್ಕೆತ್ತಿದ. ಎಷ್ಟೋ ವರ್ಷ ದಿನಾ ಬೆಳಗ್ಗೆ ಕೈಗೆ ಸಿಕ್ಕಿದ ಮುಖ ಅದು. ಎಲ್ಲಿ ಕೂದಲು ಅಡ್ಡಡ್ಡ ಬೆಳೆಯುತ್ತದೆ, ಎಲ್ಲಿ ಕತ್ತಿಯನ್ನು ಹಗುರ ಮಾಡಬೇಕು ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ನಿನ್ನೆ ಸಂಜೆಯಿಂದ ಅತ್ತೂ ಅತ್ತೂ ಅವನ ಕಣ್ಣುಗಳು ಊದಿಕೊಂಡಿದ್ದವು.

ಸತ್ತವರು ಪೇಟೆಯ ಪ್ರೆಸ್ಸಿನ ಯಜಮಾನರು. ಆದರೆ ಯಾರೂ ಅವರನ್ನು ಹಾಗೆ ಕರೆಯುತ್ತಿರಲಿಲ್ಲ. ಪೇಟೆಗೆ ಸ್ವಂತ ಪುರಸಭೆ ಇದ್ದ ಕಾಲದಲ್ಲಿ ಅದರ ಕೊನೆಯ ಅಧ್ಯಕ್ಷರಾಗಿದ್ದವರು ಅವರು. ಪುರಸಭೆ ಹೋಯಿತು, ಅದರ ಕಟ್ಟಡವೂ ಹೋಯಿತು, ಆದರೂ ಅವರು ಮಾತ್ರ ಉಸಿರಿರುವವರೆಗೆ 'ಅಧ್ಯಕ್ಷರು' ಆಗಿಯೇ ಉಳಿದರು. ಇಲ್ಲದ ಸಭೆಗೆ ಅಧ್ಯಕ್ಷರಾಗಿರುವುದು ಸುಲಭದ ಕೆಲಸವೇನಲ್ಲ. ಅವರು ಅದನ್ನು ಚೆನ್ನಾಗಿಯೇ ನಿಭಾಯಿಸಿದ್ದರು.

ಪರದೆಯಾಚೆ ಹಜಾರದಲ್ಲಿ ಜನ ಸೇರಿದ್ದರು. ಅಧ್ಯಕ್ಷರ ಮಗ ಬೆಳಗ್ಗೆಯೇ ವಲಯ ಕಚೇರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಮನೆ ಇರುವುದು ದೊಡ್ಡ ರಸ್ತೆಯ ಈಚೆ, ಪೂರ್ವ ವಲಯದಲ್ಲಿ. ಸ್ಮಶಾನ ಇರುವುದು ರಸ್ತೆಯ ಆಚೆ, ದಕ್ಷಿಣ ವಲಯದಲ್ಲಿ. ಒಂದು ವಲಯದಲ್ಲಿ ಸತ್ತವರನ್ನು ಇನ್ನೊಂದು ವಲಯದ ಮಣ್ಣಿಗೆ ಹಾಕಬೇಕಾದರೆ ಎರಡು ಕಚೇರಿಗಳ ಮೊಹರೂ ಬೇಕು. ಕಿಟಕಿಯಿಂದ ಇಣುಕಿದರೆ ಸ್ಮಶಾನದ ಗೋಡೆ ಕಾಣುತ್ತದೆ, ಆದರೆ ಅಲ್ಲಿಗೆ ಹೋಗಬೇಕಾದರೆ ಊರೆಲ್ಲ ಸುತ್ತಬೇಕು ಎಂದು ಚಪ್ಪಲಿ ಅಂಗಡಿಯವನು ಗೊಣಗುತ್ತಿದ್ದ. ಹಿಂದೆಲ್ಲ ಹೆಣ ಎತ್ತಲು ಹೆಗಲಿದ್ದರೆ ಸಾಕಿತ್ತು ಎಂದರು ಇನ್ಯಾರೋ.

"ಎಲ್ಲಾ ಒಂದು ಕೈ ಮಾಡಿದ ಕೆಲಸ," ಎಂಬ ಮಾತು ಕೇಳಿಸಿತು. ಅದು ಪುರಸಭೆಯ ಹಳೆಯ ಗುಮಾಸ್ತನ ದನಿ.

ಕ್ಷೌರಿಕ ಕತ್ತಿಯನ್ನು ಬಟ್ಟೆಗೆ ಒರೆಸಿಕೊಂಡ. ಅವನಿಗೆ ಇದು ಹೊಸದಲ್ಲ. ಪೇಟೆಯಲ್ಲಿ ನಲ್ಲಿ ಒಣಗಿದರೂ, ದೀಪ ಕೆಟ್ಟರೂ, ಹೆಣ ಕಾದರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ಆ ಕೈಯ ಹತ್ತಿರವೇ. ಆ ಕೈ ಕ್ಷೌರಿಕನದೇ ಎಂದು ಪೇಟೆ ತೀರ್ಮಾನ ಮಾಡಿ ಬಹಳ ಕಾಲವಾಗಿತ್ತು.

*

ಪೇಟೆ ಎಂದರೆ ಆಗ ಬರೀ ಪೇಟೆಯೇ, ಅದಕ್ಕೆ ನಂಬರು ಇರಲಿಲ್ಲ. ಬೀಗದವರ ಓಣಿ, ಬಣ್ಣದವರ ಓಣಿ, ನಡುವೆ ಚೌಕ, ಚೌಕದಲ್ಲಿ ಎರಡಂತಸ್ತಿನ ಪುರಸಭೆ, ಹಿಂದೆ ಕೆರೆ. ಮಹಾನಗರ ಕೆರೆಯ ಆಚೆ ದಿಬ್ಬದವರೆಗೆ ಬಂದು ನಿಂತಿತ್ತು. ಪೇಟೆಯವರದು ವಿಚಿತ್ರ ಜಂಭ. ಹೊರಗಿನವರು ಬಂದು ದಾರಿ ಕೇಳಿದರೆ ಮೂರು ಜನ ಮೂರು ದಾರಿ ತೋರಿಸಿ, ಯಾವುದು ಸರಿ ಎಂದು ತಮ್ಮತಮ್ಮೊಳಗೇ ಜಗಳಕ್ಕೆ ನಿಲ್ಲುತ್ತಿದ್ದರು. ಕೇಳಿದವನು ನಾಲ್ಕನೆಯ ದಾರಿ ಹಿಡಿದು ಹೊರಟುಹೋಗುತ್ತಿದ್ದ. ಚರಂಡಿಗೆ ಹಾಸುಗಲ್ಲು ಹಾಕಿಸುವ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಊರು ಅದು.

ಅದಕ್ಕೇ ಪುರಸಭೆ ಕಟ್ಟಿದ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಸಭೆಯಲ್ಲಿ ಏಳು ಜನ. ಯಾವ ವಿಷಯಕ್ಕೇ ಆಗಲಿ, ಮತ ಹಾಕುವ ಹೊತ್ತಿಗೆ ಕಿಟಕಿ ಮುಚ್ಚಿ ದೀಪ ಆರಿಸಬೇಕು. ಕತ್ತಲಾದ ಮೇಲೆ ಎಲ್ಲರೂ ಎದ್ದು ಕುರ್ಚಿ ಬದಲಿಸಬೇಕು. ಒಪ್ಪಿಗೆ ಇದ್ದವರು ಕೈ ಎತ್ತಬೇಕು. ಗುಮಾಸ್ತ ಕುರ್ಚಿಗಳ ಹಿಂದೆ ತಡಕಾಡಿಕೊಂಡು ನಡೆದು, ಎತ್ತಿದ ಕೈಗಳನ್ನು ಮುಟ್ಟಿ ಮುಟ್ಟಿ ಎಣಿಸಬೇಕು. ಯಾರ ಕೈ ಎಂಬುದು ಅವನಿಗೆ ತಿಳಿಯಬಾರದು, ತಿಳಿದರೂ ಬಾಯಿ ಬಿಡಬಾರದು. ಕುರ್ಚಿ ಬದಲಿಸುವಾಗ ಮೊಣಕಾಲಿಗೆ ಪೆಟ್ಟು ಬೀಳುತ್ತಿತ್ತು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರುವುದೂ ಇತ್ತು. ದೀಪ ಹಚ್ಚಿದಾಗ ಎಲ್ಲರೂ ನಗುತ್ತಿದ್ದರು. ಯಾರು ಯಾರಿಗೆ ವಿರುದ್ಧ ಎಂದು ತಿಳಿಯದೆ ಇದ್ದುದರಿಂದ ಪೇಟೆ ಒಟ್ಟಿಗೆ ಉಳಿದಿತ್ತು.

ಮಹಾನಗರ ಪಾಲಿಕೆಗೆ ಪೇಟೆಯನ್ನು ಸೇರಿಸಬೇಕೋ ಬೇಡವೋ ಎಂಬ ಮಾತು ಬಂದದ್ದೂ ಆ ಕೋಣೆಯಲ್ಲೇ. ನಿಮ್ಮ ಹೆಸರು ನಿಮಗೇ, ನಿಮ್ಮ ಕೆರೆಯ ನೀರು ನಿಮಗೇ ಎಂದು ಪಾಲಿಕೆ ಮಾತು ಕೊಟ್ಟಿತ್ತು. ಮೂವರು ಸದಸ್ಯರು ಸೇರಬೇಕು ಎಂದು ಬಹಿರಂಗವಾಗಿಯೇ ಹೇಳಿದ್ದರು. ಅಧ್ಯಕ್ಷರು, ಕ್ಷೌರಿಕ, ಸೂಲಗಿತ್ತಿಯಮ್ಮ, ಇಟ್ಟಿಗೆ ಗೂಡಿನವನು, ಈ ನಾಲ್ವರು ಸಾಧ್ಯವೇ ಇಲ್ಲ ಎಂದು ಚೌಕದಲ್ಲಿ ನಿಂತು ಆಣೆ ಮಾಡಿದ್ದರು. ದೀಪ ಆರಿತು. ಕುರ್ಚಿಗಳು ಸದ್ದು ಮಾಡಿದವು. ದೀಪ ಹಚ್ಚಿದಾಗ ಗುಮಾಸ್ತ ಬಿಳಿಚಿಕೊಂಡಿದ್ದ.

"ಒಪ್ಪಿಗೆಗೆ ನಾಲ್ಕು," ಎಂದ.

ಆ ಸಲ ಯಾರೂ ನಗಲಿಲ್ಲ. ಗುಮಾಸ್ತ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಬಿಟ್ಟ. ಬೆಳಗಾಗುವುದರೊಳಗೆ ಕ್ಷೌರಿಕನ ಹೆಸರು ಎಲ್ಲ ಓಣಿಗಳಲ್ಲೂ ಓಡಾಡಿತ್ತು. ಅವನು ಗುಮಾಸ್ತನ ಮನೆಗೆ ಹೋಗಿ, ಯಾವ ಗುರುತಿನ ಮೇಲೆ ಹೇಳಿದೆ ಎಂದು ಕೇಳಿದ. ತಾನು ಪ್ರಮಾಣ ಮಾಡಿದವನು, ಸಭೆಯ ವಿಷಯ ಹೊರಗೆ ಹೇಳಲಾರೆ ಎಂದು ಗುಮಾಸ್ತ ಕದ ಮುಚ್ಚಿಕೊಂಡ.

ಆಮೇಲಿನದು ಎಲ್ಲ ಪೇಟೆಗಳ ಹಣೆಬರಹ. ಮೊದಲು ಅದಕ್ಕೊಂದು ವಾರ್ಡ್ ನಂಬರು ಬಂತು, ನಂಬರು ಎರಡು ಸಲ ಬದಲಾಯಿತು. ಕೆರೆಯ ನೀರು ದಿಬ್ಬದ ಹೊಸ ಬಡಾವಣೆಗಳಿಗೆ ಹೋಯಿತು. ಯಾರೋ ಎಲ್ಲೋ ಕುಳಿತು ನಕ್ಷೆಯ ಮೇಲೆ ಗೆರೆ ಎಳೆದದ್ದರಿಂದ ಪೇಟೆ ಎರಡು ಹೋಳಾಗಿ ಎರಡು ವಲಯಗಳಿಗೆ ಸೇರಿತು. ಪುರಸಭೆಯ ಕಟ್ಟಡ ಮೊದಲು ಕಂದಾಯ ಕಟ್ಟುವ ಜಾಗವಾಗಿ, ಆಮೇಲೆ ಗೋದಾಮಾಗಿ, ಕೊನೆಗೆ ನೆಲಸಮವಾಗಿ ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ.

*

"ಅಲ್ಲ ಗುಮಾಸ್ತರೇ, ಕತ್ತಲಲ್ಲಿ ಅದು ಅವನದೇ ಕೈ ಅಂತ ಹೇಗೆ ಹೇಳ್ತೀರಿ?" ಹಜಾರದಲ್ಲಿ ಚಪ್ಪಲಿ ಅಂಗಡಿಯವನು ಕೇಳುತ್ತಿದ್ದ. ಕ್ಷೌರಿಕ ಪರದೆಯ ಈಚೆ ಇದ್ದಾನೆಂಬುದು ಅವರಿಗೆ ಮರೆತಿತ್ತೋ, ಗೊತ್ತಿದ್ದೂ ಆಡುತ್ತಿದ್ದರೋ.

"ಇನ್ನು ಹೇಳಿದ್ರೆ ಏನು, ಸಭೆಯೇ ಇಲ್ಲ," ಎಂದ ಗುಮಾಸ್ತ. "ಮೂರು ಕೈ ಮುಟ್ಟಿದೆ. ನಾಲ್ಕನೇದು ಮುಟ್ಟಿದ್ರೆ ಗುಲಾಬಿ ವಾಸನೆ. ಹೊಸ ಸೋಪು. ಆಮೇಲೆ ನನ್ನ ಕೈಯಲ್ಲೂ ಅದೇ ವಾಸನೆ ಉಳೀತು. ಆವತ್ತು ಅವನ ಅಂಗಡಿಗೆ ಅದು ಬಂದದ್ದು ನಾನೇ ನೋಡಿದ್ದೆ. ಅಲ್ಲಿ ಬಿಟ್ರೆ ಪೇಟೆಯಲ್ಲಿ ಎಲ್ಲಿತ್ತು?"

ಕ್ಷೌರಿಕನ ಕತ್ತಿ ಸತ್ತವರ ಕಿವಿಯ ಕೆಳಗೆ ನಿಂತುಬಿಟ್ಟಿತು.

ಗುಲಾಬಿ ಸೋಪು. ಊರೂರು ತಿರುಗುವ ಮಾರಾಟಗಾರನೊಬ್ಬ ಅದೇ ಮಧ್ಯಾಹ್ನ ಬಂದು ಕೊಟ್ಟುಹೋಗಿದ್ದ. ಸಂಜೆ ಸಭೆಗೆ ಮುಂಚೆ ಅಂಗಡಿಗೆ ಬಂದದ್ದು ಒಬ್ಬರೇ, ಅಧ್ಯಕ್ಷರು. ಕ್ಷೌರ ಮುಗಿದ ಮೇಲೆ, ಕೈ ತೊಳೆಯಲು ಏನಾದರೂ ಒಳ್ಳೆಯದಿದೆಯೇ ಎಂದು ಕೇಳಿದ್ದರು. ಅದೊಂದು ಸೋಜಿಗ. ಪ್ರೆಸ್ಸಿನ ಮಸಿ ಆ ಬೆರಳುಗಳಿಂದ ಎಂದೂ ಹೋದದ್ದಿಲ್ಲ. ಅವರು ಕೈ ಇಡುತ್ತಿದ್ದ ಕಡೆ ಅಂಗಡಿಯ ಕುರ್ಚಿಯ ಮರ ಕಪ್ಪಾಗಿತ್ತು, ಅವರು ಪಕ್ಕದಲ್ಲಿ ಬಂದು ನಿಂತರೆ ಮಸಿ ಮತ್ತು ಸೀಮೆಎಣ್ಣೆಯ ಘಾಟು ಮೊದಲು ಬರುತ್ತಿತ್ತು. ಇವನು ಖುಷಿಯಿಂದ ಹೊಸ ಸೋಪಿನ ಕಾಗದ ಬಿಚ್ಚಿ ಕೊಟ್ಟ. ಅವರು ತೋಳು ಮಡಿಚಿಕೊಂಡು ಮೊಣಕೈವರೆಗೂ ಉಜ್ಜಿದರು. ಉಗುರಿನ ಸಂದಿಗೆ ಕಡ್ಡಿ ಹಾಕಿ ಕೆರೆದರು. ನೀರು ಕಪ್ಪಾಗಿ ಹರಿಯುವುದು ನಿಂತು ತಿಳಿಯಾದ ಮೇಲೂ ಇನ್ನೊಮ್ಮೆ ಉಜ್ಜಿದರು.

"ಏನಣ್ಣಾ, ಹೆಣ್ಣು ನೋಡೋಕೆ ಹೊರಟ ಹಾಗಿದೆ," ಎಂದು ಇವನು ಚುಡಾಯಿಸಿದ್ದ. ಅವರು ನಗಲಿಲ್ಲ. ಕೈ ಒರೆಸಿಕೊಳ್ಳಲು ಟವೆಲ್ ಹಿಡಿದು ನಿಂತಿದ್ದವನು ಇವನೇ.

ಕೈ ತೊಳೆದದ್ದು ಯಾಕೆ ಎಂದು ಅವನಿಗೆ ಈಗ ತಿಳಿಯಿತು. ಕತ್ತಲಲ್ಲಿ ಆ ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಗುರುತು ಸಿಗುವ ಕೈ ಪೇಟೆಯಲ್ಲಿ ಒಂದೇ ಒಂದು ಇತ್ತು. ಆ ಗುರುತನ್ನು ಅಳಿಸಿಕೊಳ್ಳಲು ಆ ಮನುಷ್ಯ ಬಂದದ್ದು ಸ್ನೇಹಿತನ ಅಂಗಡಿಗೆ. ಬೇಕೆಂದೇ ಇವನ ಮೇಲೆ ಹೊರಿಸಲು ಬಂದನೋ, ಮಸಿಯ ಕಾಟ ಕಳೆದುಕೊಳ್ಳಲಷ್ಟೇ ಬಂದನೋ, ಅದನ್ನು ಹೇಳಬೇಕಾದ ಬಾಯಿ ಮುಂದೆ ಮುಚ್ಚಿಕೊಂಡು ಬಿದ್ದಿತ್ತು. ಇನ್ನು ಮೇಲೆ ಈ ಕತೆಯಲ್ಲಿ ಅವನಿಗೆ ಬಹುವಚನ ಬೇಡ.

*

ಆ ಸಭೆಯ ಮರುದಿನ ಕ್ಷೌರಿಕನ ಅಂಗಡಿಗೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜನ ಬಸ್ಸು ಹತ್ತಿ ಬೇರೆ ಕಡೆ ಹೋಗಿ ಗಡ್ಡ ಬೋಳಿಸಿಕೊಂಡು ಬಂದರು, ಆದರೆ ಇವನ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲು ಹಾಕಿಕೊಂಡು ಎಲ್ಲಾದರೂ ಹೋಗಿಬಿಡೋಣ ಎಂದುಕೊಂಡಿದ್ದಾಗ ಒಂದು ಬೆಳಗ್ಗೆ ಅಧ್ಯಕ್ಷ ಬಂದ. ಚೌಕವೆಲ್ಲ ನೋಡುತ್ತಿರುವಂತೆ ಬಂದು ಕುರ್ಚಿಯಲ್ಲಿ ಕುಳಿತ.

"ನಾನು ಕೈ ಎತ್ತಲಿಲ್ಲಣ್ಣಾ. ನನ್ನ ಮಾತು ನಂಬು," ಎಂದು ಇವನು ಕತ್ತಿ ಹಿಡಿದುಕೊಂಡೇ ಅತ್ತಿದ್ದ.

"ನಂಬ್ತೀನಿ ಕಣೋ," ಎಂದಿದ್ದ ಅಧ್ಯಕ್ಷ. "ಈ ಪೇಟೆಯಲ್ಲಿ ನಿನ್ನ ನಂಬೋನು ನಾನೊಬ್ಬನೇ."

ಅಂದಿನಿಂದ ದಿನಾ ಬಂದ. ಮಳೆ ಬರಲಿ, ಜ್ವರ ಬರಲಿ, ಬಂದ. ದ್ರೋಹಿಯನ್ನೂ ಕೈಬಿಡದ ದೊಡ್ಡ ಮನಸ್ಸು ಎಂದು ಪೇಟೆ ಅವನನ್ನು ಹೊಗಳಿತು. ಅಧ್ಯಕ್ಷರೇ ಹೋಗುತ್ತಾರೆಂದು ನಿಧಾನವಾಗಿ ಇನ್ನು ಕೆಲವರೂ ಬರತೊಡಗಿದರು, ಅಂಗಡಿ ಹೇಗೋ ಉಳಿಯಿತು. ಪಾಲಿಕೆಯ ರಸೀದಿ ಪುಸ್ತಕ, ಅರ್ಜಿ ನಮೂನೆಗಳ ಕೆಲಸವೆಲ್ಲ ಅಧ್ಯಕ್ಷನ ಪ್ರೆಸ್ಸಿಗೇ ಬಂದಾಗಲೂ ಯಾರೂ ಹುಬ್ಬೇರಿಸಲಿಲ್ಲ. ವಿರೋಧಿಗಳೂ ಮರ್ಯಾದೆ ಕೊಡುವಂಥ ಮನುಷ್ಯ ಎಂದರು. ಹಾಗೆ ಎಲ್ಲರಿಗಿಂತ ಜೋರಾಗಿ ಹೇಳಿದವನು ಕ್ಷೌರಿಕನೇ.

ಮನೆಯಲ್ಲಿ ಹೆಂಡತಿ ಇದ್ದಳು. ಅವಳು ಬಯ್ಯಲಿಲ್ಲ, ಬಿಟ್ಟುಹೋಗಲೂ ಇಲ್ಲ. "ಮಾಡಿದ್ರೆ ಮಾಡಿದೆ ಅನ್ನಿ. ನನ್ನ ಹತ್ತಿರ ಯಾಕೆ ಮುಚ್ಚುಮರೆ?" ಎಂದು ಎಂದಾದರೊಮ್ಮೆ ಕೇಳುತ್ತಿದ್ದಳು. ಕೊನೆಯ ಸಲ ಕೇಳಿದ್ದು ಹಾಸಿಗೆ ಹಿಡಿದ ಮೇಲೆ, ಅವನ ಕೈ ಹಿಡಿದುಕೊಂಡು. ಅವನು ಇಲ್ಲ ಎಂದ. ಅವಳು ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

*

ಮಡಿಸಿದ ಅಂಗಿ ಹಿಡಿದು ಅಧ್ಯಕ್ಷನ ಹೆಂಡತಿ ಪರದೆ ಸರಿಸಿ ಒಳಗೆ ಬಂದಳು. ಗುಂಡಿ ಹಾಕುವುದು ಕಷ್ಟವಾಗಬಹುದು, ತಾನೂ ಹಿಡಿಯುತ್ತೇನೆ ಎಂದಳು. ಕ್ಷೌರಿಕ ಬಲಗೆನ್ನೆಯ ನೊರೆಯನ್ನೇ ನೋಡುತ್ತ ನಿಂತಿದ್ದ.

"ಅತ್ತಿಗೆ, ಆವತ್ತು ಕೈ ಎತ್ತಿದ್ದು ಅಣ್ಣನಾ?"

ಅವಳು ಅಂಗಿಯ ತೋಳನ್ನು ಬಿಡಿಸಿದಳು, ಮತ್ತೆ ಮಡಿಸಿದಳು. "ಯಾರು ಹೇಳಿದ್ರು ನಿಮಗೆ?" ಎಂದಳು.

ಅಷ್ಟು ಸಾಕಿತ್ತು. ಆದರೂ ಅವಳು ಹೇಳಿದಳು, ಬಹುಶಃ ಅವಳಿಗೂ ಯಾರಿಗಾದರೂ ಹೇಳಬೇಕಿತ್ತು. ಆಗ ಪ್ರೆಸ್ಸು ಮುಚ್ಚುವ ಹಾಗಾಗಿತ್ತಂತೆ. ಪಾಲಿಕೆಯವರು ಗುಟ್ಟಾಗಿ ಬಂದು, ಮುದ್ರಣದ ಕೆಲಸವೆಲ್ಲ ನಿಮಗೇ ಎಂದಿದ್ದರಂತೆ. ಕತ್ತಲಲ್ಲಿ ಆಗುವ ಕೆಲಸ, ಯಾರ ಹೆಸರಿಗೂ ಅಂಟುವುದಿಲ್ಲ ಎಂದು ಅವನು ತಿಳಿದಿದ್ದನಂತೆ. "ನಿಮ್ಮ ಹೆಸರು ಬಂದಾಗ ಹೇಳಿಬಿಡ್ತೀನಿ ಅಂತ ಎದ್ದರು. ನಾಳೆ ಹೇಳ್ತೀನಿ ಅಂದ್ರು. ಹಾಗೇ ನಾಳೆ ನಾಳೆ ಅಂತ ಹೋಯ್ತು. ಆಮೇಲೆ, ದಿನಾ ಅವನ ಅಂಗಡಿಗೆ ಹೋಗ್ತಿದ್ದೀನಲ್ಲ, ಅದೇ ಹೇಳಿದ ಹಾಗೆ ಅನ್ನೋರು."

"ನನ್ನ ಹೆಂಡತಿ ಸಾಯೋವಾಗ ಅವಳ ತಲೆದೆಸೆಯಲ್ಲಿ ಕೂತಿದ್ದೋರು ನೀವು," ಎಂದ ಕ್ಷೌರಿಕ. "ಅವಳ ಕಿವಿಯಲ್ಲಾದ್ರೂ ಒಂದು ಮಾತು ಹಾಕಬಹುದಿತ್ತು, ಅತ್ತಿಗೆ."

ಅವಳು ಅಳತೊಡಗಿದಳು. ಹೊರಗೆ ಜನ ಕೂತಿದ್ದಾರೆ, ಇವತ್ತೊಂದು ದಿನ ಬೇಡ ಎಂದು ಬೇಡಿಕೊಂಡಳು. ಅವನು ಒಣಗುತ್ತಿದ್ದ ನೊರೆಗೆ ನೀರು ತಟ್ಟಿ, ಬಲಗೆನ್ನೆಯನ್ನೂ ಮುಗಿಸಿದ. ಎಲ್ಲೂ ಒಂದು ಗೀರು ಬೀಳಲಿಲ್ಲ. ಹಾಗೆ ಬೀಳದೆ ಇದ್ದುದಕ್ಕೆ ಅವನಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು.

*

ಮಗ ಮಧ್ಯಾಹ್ನದ ಹೊತ್ತಿಗೆ ಎರಡೂ ಮೊಹರು ಹಾಕಿಸಿಕೊಂಡು ಬಂದ. ಹೆಣ ದೊಡ್ಡ ರಸ್ತೆ ದಾಟಿತು. ಗುಂಡಿಯ ಹತ್ತಿರ ರಸ್ತೆಯ ಎರಡೂ ಬದಿಯ ವಾರ್ಡುಗಳ ಕಾರ್ಪೊರೇಟರುಗಳೂ ಬಂದಿದ್ದರು, ಇಬ್ಬರೂ ಅಧ್ಯಕ್ಷ ತಮ್ಮ ವಾರ್ಡಿನ ಹಿರಿಯರೆಂದು ಭಾಷಣ ಮಾಡಿದರು. ಕೊನೆಯವರೆಗೂ ಪೇಟೆಯನ್ನು ಬಿಟ್ಟುಕೊಡದ ಮನುಷ್ಯ ಎಂದ ಒಬ್ಬ. ಚೌಕಕ್ಕೆ ಅವರ ಹೆಸರಿಡಿಸುತ್ತೇನೆ ಎಂದ ಇನ್ನೊಬ್ಬ. ಹಳೆಯ ಸಭೆಯ ಸದಸ್ಯರಲ್ಲಿ ಇನ್ನೂ ಬದುಕಿರುವುದು ಈ ಚಿಕ್ಕಪ್ಪ ಒಬ್ಬರೇ, ಅಪ್ಪ ಅವರನ್ನು ಯಾವತ್ತೂ ದೂರ ಮಾಡಲಿಲ್ಲ, ಅವರೂ ಎರಡು ಮಾತಾಡಲಿ ಎಂದು ಮಗ ಕ್ಷೌರಿಕನನ್ನು ಮುಂದಕ್ಕೆ ಕರೆದ. ಹಿಂದೆ ಯಾರೋ ಲೊಚಗುಟ್ಟಿದರು.

ಕ್ಷೌರಿಕ ಗುಂಡಿಯ ಅಂಚಿಗೆ ಬಂದು ನಿಂತ. ಸಭೆಯಲ್ಲಿ ಮಾತಾಡುವುದು ಅವನಿಗೆ ಮರೆತೇ ಹೋಗಿತ್ತು.

"ಆ ನಾಲ್ಕನೇ ಕೈ ನನ್ನದಲ್ಲ," ಎಂದ. "ಇಲ್ಲಿ ಮಲಗಿದಾರಲ್ಲ, ಇವರದ್ದು. ಗುಮಾಸ್ತರೇ, ನೀವು ಮೂಸಿದ ಸೋಪು ನನ್ನ ಅಂಗಡೀದೇ ಸರಿ. ಆವತ್ತು ಸಂಜೆ ಅದರಲ್ಲಿ ಕೈ ತೊಳ್ಕೊಂಡೋರು ಇವರು. ಮಸಿ ಹೋಗೋ ತನಕ ತೊಳ್ಕೊಂಡ್ರು. ಟವೆಲ್ ಕೊಟ್ಟೋನು ನಾನು."

ಗುಮಾಸ್ತ ತನ್ನ ಅಂಗೈಯನ್ನೇ ನೋಡಿಕೊಂಡ. ಜನರೊಳಗೆ ಗುಜುಗುಜು ಎದ್ದಿತು. ಉಪ್ಪು ತಿಂದ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಎಂದಿತು ಒಂದು ದನಿ. ಸತ್ತವರು ಎದ್ದು ಬಂದು ಇಲ್ಲ ಅನ್ನೋದಿಲ್ಲವಲ್ಲ ಎಂದಿತು ಇನ್ನೊಂದು. ಚಪ್ಪಲಿ ಅಂಗಡಿಯವನು ಅವನ ತೋಳು ಹಿಡಿದು ಹಿಂದಕ್ಕೆ ಎಳೆಯಲು ನೋಡಿದ.

"ಅತ್ತಿಗೆಯನ್ನ ಕೇಳಿ," ಎಂದ ಕ್ಷೌರಿಕ. "ಅವರಿಗೆ ಗೊತ್ತು."

ಎಲ್ಲರೂ ಅವಳ ಕಡೆ ತಿರುಗಿದರು. ಅವನೂ ತಿರುಗಿದ. ಅವಳು ಹೇಳುತ್ತಾಳೆ ಎಂದೇ ಅವನು ನಂಬಿದ್ದ. ಒಳಗೆ ಅತ್ತದ್ದು ಸುಳ್ಳಲ್ಲ. ಅವಳು ಮಗನ ಮುಖ ನೋಡಿದಳು, ಆಮೇಲೆ ಮಣ್ಣಿನ ಗುಡ್ಡೆ ನೋಡಿದಳು.

"ಅವರ ಮನಸ್ಸು ಇವತ್ತು ಸರಿಯಿಲ್ಲ," ಎಂದಳು. "ಇಬ್ಬರೂ ಅಷ್ಟು ಹಚ್ಚಿಕೊಂಡಿದ್ರು. ಯಾರೂ ಏನೂ ಅನ್ನಬೇಡಿ, ಪಾಪ."

ಜನರ ಸಿಟ್ಟು ಕೂಡಲೇ ಇಳಿಯಿತು. ಯಾರೋ ಅವನ ಬೆನ್ನು ಸವರಿದರು, ಯಾರೋ ನೀರು ಕೊಟ್ಟರು. ಬಯ್ದಿದ್ದರೆ ಅವನು ಜಗಳಕ್ಕಾದರೂ ನಿಲ್ಲುತ್ತಿದ್ದ. ಈ ಕನಿಕರದ ಜೊತೆ ಜಗಳವಾಡುವುದು ಹೇಗೆ? ನೀರು ಕುಡಿದು ಲೋಟ ವಾಪಸು ಕೊಟ್ಟ. ಮಣ್ಣು ಹಾಕುವ ಸದ್ದು ಶುರುವಾಯಿತು.

*

ಸಂಜೆ ಅವನು ಅಂಗಡಿ ತೆರೆದದ್ದು ಕೆಲಸಕ್ಕಲ್ಲ, ಹೋಗಿ ಕೂರಲು ಬೇರೆ ಜಾಗವಿರಲಿಲ್ಲ. ದೀಪ ಹಾಕಿ ಬೆಂಚಿನ ಮೇಲೆ ಕೂತಿದ್ದಾಗ ಅಧ್ಯಕ್ಷನ ಮಗ ಬಾಗಿಲಲ್ಲಿ ಕಾಣಿಸಿಕೊಂಡ. ಚಪ್ಪಲಿಯಲ್ಲಿ ಇನ್ನೂ ಸ್ಮಶಾನದ ಮಣ್ಣಿತ್ತು.

"ಅಮ್ಮ ಹಾಗೆ ಹೇಳಬಾರದಿತ್ತು, ಚಿಕ್ಕಪ್ಪ," ಎಂದ.

ಕ್ಷೌರಿಕ ತಲೆ ಎತ್ತಿದ. "ನಿನಗೂ ಗೊತ್ತಾ?"

"ಪ್ರೆಸ್ಸು ನನ್ನ ಕೈಗೆ ಕೊಡೋವಾಗ ಅಪ್ಪನೇ ಹೇಳಿದ್ರು." ಮದುವೆಗೆ ಬಂದ ಮಗಳಿದ್ದಾಳೆ, ಪ್ರೆಸ್ಸಿನ ಕೆಲಸವೆಲ್ಲ ಅಪ್ಪನ ಹೆಸರಿನ ಮೇಲೆಯೇ ನಡೆಯುತ್ತಿದೆ, ಚೌಕಕ್ಕೆ ಹೆಸರಿಡುವ ಮಾತು ಬೇರೆ ಬಂದಿದೆ ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಹಗುರಾಯಿತು. "ನೀವು ಮಾಡಿಲ್ಲ ಅಂತ ನನಗೆ ಗೊತ್ತು. ನಾನು ನಿಮ್ಮನ್ನ ನಂಬ್ತೀನಿ. ಇನ್ನು ಮೇಲೆ ಅಪ್ಪನ ಥರ ನಾನೂ ದಿನಾ ಇಲ್ಲಿಗೇ ಬರ್ತೀನಿ. ಇವತ್ತಿಂದಲೇ. ಜನ ನೋಡಲಿ."

ಅವನು ಬಂದು ಕುರ್ಚಿಯಲ್ಲಿ ಕುಳಿತ, ತಲೆ ಹಿಂದಕ್ಕೆ ಒರಗಿಸಿದ, ಕಣ್ಣು ಮುಚ್ಚಿಕೊಂಡ. ಒಳ್ಳೆಯ ಕೆಲಸ ಮಾಡಿದವನ ನೆಮ್ಮದಿ ಮುಖದಲ್ಲಿತ್ತು.

ಕ್ಷೌರಿಕ ಎದ್ದ. ಬಿಳಿ ಬಟ್ಟೆ ಕೊಡವಿ ಅವನ ಕುತ್ತಿಗೆಗೆ ಸುತ್ತಿ, ಹಿಂದೆ ಗಂಟು ಹಾಕಿದ. ಬಟ್ಟಲಲ್ಲಿ ಬ್ರಷ್ಷು ತಿರುವಿ ಎರಡೂ ಕೆನ್ನೆಗೆ, ಗದ್ದಕ್ಕೆ, ಮೂಗಿನ ಕೆಳಗೆ, ತುಟಿ ಕಾಣದಷ್ಟು ದಪ್ಪಗೆ ನೊರೆ ಹಚ್ಚಿದ. ಆಮೇಲೆ ಬ್ರಷ್ಷು ತೊಳೆದು ಇಟ್ಟ. ಮೊಳೆಯ ಮೇಲಿದ್ದ ಅಂಗಿ ತೆಗೆದು ಹಾಕಿಕೊಂಡು, ಸದ್ದಾಗದಂತೆ ಹೊರಗೆ ನಡೆದ.

ಸ್ಮಶಾನದಿಂದ ಮನೆಗಳಿಗೆ ಹೋಗುತ್ತಿದ್ದವರು ಅಂಗಡಿಯ ಎದುರು ಒಬ್ಬೊಬ್ಬರಾಗಿ ನಿಂತರು. ಗಾಜಿನ ಆಚೆ, ದೀಪದ ಕೆಳಗೆ, ಅಧ್ಯಕ್ಷನ ಮಗ ಕಣ್ಣು ಮುಚ್ಚಿ ಮುಖ ಎತ್ತಿಕೊಂಡು ಕೂತಿದ್ದ. ಸುತ್ತ ಯಾರೂ ಇರಲಿಲ್ಲ. ಕೆನ್ನೆಯ ಮೇಲಿನ ನೊರೆ ಒಣಗಿ ಬಿರುಕು ಬಿಡುತ್ತಿತ್ತು.